ಬಲೆ ನೆಯ್ಯದ ಹಸುರು ಜೇಡ

ಜೇಡವೆಂದೊಡನೆ ನಮಗೆ ಬಲೆಯ ನೆನಪಾಗುವುದು. ಆದರೆ ಎಲ್ಲ ಜೇಡಗಳೂ ಬಲೆ ನೆಯ್ದು, ಅದರ ನಡುವೆ ಕುಳಿತು, ತಾನಾಗಿ ಬಂದು ಸಿಕ್ಕಿದುದನ್ನು ಉಣ್ಣುವುವಲ್ಲ. ಹೊಂಚುಹಾಕಿ, ಕಾಲಿನ ವೇಗವನ್ನೂ ಕೋರೆಯ ಬಲವನ್ನೂ ನಂಬಿ ಬದುಕುವ ದೊಡ್ಡದೊಂದು ಕುಲವುಂಟು. ಇವೇ ಬೇಟೆಗಾರ ಜೇಡಗಳು. ಲೋಕದಲ್ಲಿ ಇವುಗಳ ಬಗೆಗಳು ಸಾವಿರಕ್ಕೂ ಮಿಗಿಲಾಗಿವೆ. 2001ರಲ್ಲಿ ಲಾವೋಸ್ ದೇಶದಿಂದ ವರ್ಣಿಸಲ್ಪಟ್ಟ ಬಗೆಯೊಂದರ ಕಾಲುಗಳ ಹರಹು ಸುಮಾರು 30 ಸೆಂಟಿಮೀಟರು, ಊಟದ ತಟ್ಟೆಯಷ್ಟು! ಅಂತಹ ಮಹಾಕಾಯದ ಬಂಧುವಾದ ಪುಟ್ಟ ಜೇಡವೊಂದನ್ನು ವಾಚಕರಿಗೆ ಪರಿಚಯಮಾಡಿಕೊಡುವುದೇ ಈ ಲೇಖನದ ಉದ್ದೇಶ.

ಇದರ ಶಾಸ್ತ್ರೀಯ ನಾಮ ಮೈಕ್ರೊಮ್ಮಾಟ ವೈರೆಸೆನ್ಸ್. ಸ್ವೀಡನ್ ದೇಶದ ಕ್ಲೆರ್ಕ್ ಎಂಬ ವಿದ್ವಾಂಸನು 1757ರಲ್ಲಿ ಇದನ್ನು ವರ್ಣಿಸಿದನು. ಯೂರೋಪು ಖಂಡದ ಹುಲ್ಲುಗಾವಲುಗಳಲ್ಲಿಯೂ, ತೇವವುಳ್ಳ ಕಾಡಿನ ಬಯಲುಗಳಲ್ಲಿಯೂ ಇದರ ವಾಸ. ಬ್ರಿಟನ್ನಿನಲ್ಲಿ ಸಹಜವಾಗಿ ನೆಲಸಿರುವ ಬೇಟೆಗಾರ ಜೇಡವು ಇದೊಂದೇ.

ಹೆಣ್ಣಿನ ಮೈಯುದ್ದ ಸುಮಾರು 12ರಿಂದ 15 ಮಿಲಿಮೀಟರು. ಎಂದರೆ ಅರ್ಧ ಅಂಗುಲದ ಆಸುಪಾಸು. ಗಂಡು ಇನ್ನೂ ಚಿಕ್ಕದು. 7ರಿಂದ 10 ಮಿಲಿಮೀಟರನ್ನು ಮೀರುವುದು ಅಪರೂಪ. ಹೆಣ್ಣಿನ ಮೈಯೆಲ್ಲ ಎಳೆಯ ಗರಿಕೆಯಂತೆ ಹಸುರು. ಹೊಟ್ಟೆಯ ಮೇಲೆ ನಡುವಿನಲ್ಲಿ ಅದಕ್ಕಿಂತ ಕಡುಹಸುರಾದ ಒಂದು ಪಟ್ಟೆ. ಗಂಡಿನ ಸಿಂಗಾರವೇ ಬೇರೆ: ಹಳದಿಯ ಹೊಟ್ಟೆಯ ಮೇಲೆ ಕುಂಕುಮದಂತಹ ಕೆಂಪು ಪಟ್ಟೆ. ಇವೆರಡನ್ನೂ ಒಟ್ಟಿಗೆ ನೋಡಿದವರು ಒಂದೇ ಜಾತಿಯವೆಂದು ಸುಲಭವಾಗಿ ನಂಬಲಾರರು. ಕಣ್ಣುಗಳು ಎಂಟು, ಎರಡು ಸಾಲಾಗಿ, ಬೆಳ್ಳನೆಯ ಅಂಚುಗಟ್ಟಿಕೊಂಡು ಹೊಳೆಯುವುವು.

ಈ ಹಸುರು ಬಣ್ಣವು ಎಲ್ಲಿಂದ ಬಂದಿತು? ಎಲೆಯ ಹಸುರಿಗೂ ಇದಕ್ಕೂ ಸಂಬಂಧವಿಲ್ಲ. ಇದು ಪಿತ್ತರಸದ ಬಣ್ಣಗಳ ವರ್ಗಕ್ಕೆ ಸೇರಿದ ಒಂದು ದ್ರವ್ಯ. ಮಕ್ಕಳು ಬಿದ್ದು ಮೊಣಕಾಲಿಗೆ ಪೆಟ್ಟಾದಾಗ, ಕಂದಿದ ಚರ್ಮವು ಕೆಲವು ದಿನಗಳಲ್ಲಿ ಹಸುರಾಗುವುದನ್ನು ತಾಯಂದಿರು ನೋಡಿಯೇ ಇರುವರು. ಒಳಗೆ ಹೆಪ್ಪುಗಟ್ಟಿದ ನೆತ್ತರಿನ ಕೆಂಪು ಒಡೆದು ಆಗುವ ಆ ಹಸುರು, ಈ ಜೇಡದ ಹಸುರಿಗೆ ಹತ್ತಿರದ ನೆಂಟ. ಮರಿಗಳಾದರೋ ಹುಲ್ಲು ಒಣಗುವ ಕಾಲದಲ್ಲಿ ಹಳದಿಗಂದು ಬಣ್ಣವನ್ನು ತಾಳಿ, ಚಳಿಗಾಲ ಕಳೆದು ಹೊಸ ಚಿಗುರು ಬಂದಾಗ ಹಸುರುಡುವುವು. ಬಣ್ಣವೇ ಇದಕ್ಕೆ ಮರೆ. ಬೇಟೆಗೂ ಅದೇ ಸಾಧನ, ಹಕ್ಕಿಯ ಕಣ್ಣಿನಿಂದ ಪಾರಾಗಲೂ ಅದೇ ಆಸರೆ.

ಕಾಲುಗಳ ರಚನೆಯೂ ವಿಚಿತ್ರವಾದುದು. ಅವು ಏಡಿಯ ಕಾಲುಗಳಂತೆ ಪಕ್ಕಕ್ಕೆ ಚಾಚಿಕೊಂಡಿರುವುವು; ಆದುದರಿಂದ ಮೈಯನ್ನು ಎಲೆಗೆ ಅಂಟಿಸಿದಂತೆ ಅಡಗಲು ಸಾಧ್ಯ. ಜೇಡಗಳ ಕಾಲನ್ನು ಮಡಿಸಲು ಸ್ನಾಯುಗಳುಂಟು. ಆದರೆ ಮುಖ್ಯವಾದ ಕೆಲವು ಸಂದುಗಳಲ್ಲಿ ಅದನ್ನು ನೀಡಲು ಸ್ನಾಯುಗಳಿಲ್ಲ. ಮೈಯೊಳಗಿನ ದ್ರವವನ್ನು ಒತ್ತಿ ನೂಕಿ ಆ ಕೆಲಸವನ್ನು ನಡೆಸಿಕೊಳ್ಳುವುವು. ಸತ್ತ ಜೇಡದ ಕಾಲುಗಳು ಒಳಕ್ಕೆ ಮುದುರಿಕೊಂಡಿರುವುದಕ್ಕೆ ಇದೇ ಕಾರಣ.

ಬಲೆ ನೆಯ್ಯದಿದ್ದರೂ ಇದಕ್ಕೆ ನೂಲುವ ವಿದ್ಯೆ ಮರೆತಿಲ್ಲ. ಮೊಟ್ಟೆಯಿಡುವ ಕಾಲ ಬಂದಾಗ ತಾಯಿಯು ಎಲೆಗಳನ್ನು ನೂಲಿನಿಂದ ಕೂಡಿಸಿ ಹೊಲಿದು ಮನೆಯನ್ನು ಕಟ್ಟಿ, ಅದರೊಳಗೆ ಮೊಟ್ಟೆಗಳ ಚೀಲವನ್ನಿಟ್ಟು ಕಾವಲು ಕೂರುವಳು.

ದೂರದ ದೇಶದ ಈ ಹುಳುವಿನಿಂದ ನಮಗೇನು ಎಂದು ಕೆಲವರು ಕೇಳಬಹುದು. ಇದರ ಕುಲಬಂಧುವೊಂದು ನಮ್ಮ ಮನೆಗಳಲ್ಲಿಯೇ ಇದೆಯಲ್ಲ! ರಾತ್ರಿಯ ಹೊತ್ತು ಗೋಡೆಯ ಮೇಲೆ ಕಾಲು ಹರಡಿಕೊಂಡು ನಿಲ್ಲುವ, ಅಂಗೈಯಗಲದ ಕಂದು ಜೇಡವನ್ನು ನೋಡದವರಾರು? ಲಿನ್ನೇಯಸನು 1767ರಲ್ಲಿ ಹೆಸರಿಟ್ಟ ಹೆಟೆರೊಪೊಡ ವೆನಟೋರಿಯ ಎಂಬ ಬೇಟೆಗಾರ ಜೇಡವೇ ಅದು. ಅದರ ಕಡಿತದಿಂದ ನೋವಾಗಬಹುದು, ಪ್ರಾಣಭಯವಿಲ್ಲ. ಹಿಡಿದು ಒತ್ತಿದಲ್ಲದೆ ಅದು ಕಚ್ಚುವುದೂ ವಿರಳ. ಅಡುಗೆಮನೆಯ ಜಿರಳೆಗಳನ್ನು ತಿಂದು ಅದು ಗೃಹಿಣಿಗೆ ಸಂಬಳವಿಲ್ಲದ ಊಳಿಗವನ್ನು ಮಾಡುವುದು. ಕೆಲವು ವೇಳೆ ಅದರ ಮೈಯಡಿಯಲ್ಲಿ ಬಿಲ್ಲೆಯಂತಹ ಚಪ್ಪಟೆಯಾದ ಬಿಳಿಯ ವಸ್ತುವೊಂದು ಕಾಣುವುದುಂಟು. ಅದು ಮೊಟ್ಟೆಗಳ ಚೀಲ. ಮರಿಗಳು ಹೊರಬರುವವರೆಗೂ ತಾಯಿಯು ಅದನ್ನು ಹೊತ್ತೇ ತಿರುಗುವಳು.

ಹುಲ್ಲಿನ ನಡುವಿನ ಪುಟ್ಟ ಜೇಡಕ್ಕೆ ಅದರ ಬಣ್ಣವೇ ರಕ್ಷೆ. ಸುಣ್ಣ ಬಳಿದ ಬಿಳಿಯ ಗೋಡೆಯ ಮೇಲಿರುವ ಕಂದು ಜೇಡಕ್ಕೆ ಆ ರಕ್ಷೆಯಿಲ್ಲ. ಅದರ ಬದುಕು ಮನೆಯವರ ತಿಳಿವಳಿಕೆಯಲ್ಲಿದೆ. ಮನೆಯಲ್ಲಿರುವುದು ಬೇಡವೆನಿಸಿದರೆ ಒಂದು ಬಟ್ಟಲನ್ನು ಅದರ ಮೇಲೆ ಕವುಚಿ, ಅಡಿಯಲ್ಲಿ ದಪ್ಪ ಕಾಗದವನ್ನು ತೂರಿಸಿ, ಹಿತ್ತಿಲಿಗೆ ಒಯ್ದು ಬಿಡಬಹುದು. ಪೊರಕೆಯನ್ನೆತ್ತುವುದಕ್ಕಿಂತ ಇದರಲ್ಲಿ ಹೆಚ್ಚಿನ ಶ್ರಮವೇನೂ ಇಲ್ಲ.