ಕೊಣ್ಣೂರಿನ ಕಲ್ಲು ಹೇಳುವ ಪಾಠ: ಹಳೆಯ ಕಟ್ಟಡಗಳನ್ನು ಕಾಯುವವರು ಯಾರು?

ಬಿರುಕು ಬಿಟ್ಟ ಮುಖಮಂಟಪವನ್ನು ಕೆಡವಿ ಕಾಂಕ್ರೀಟಿನಲ್ಲಿ ಕಟ್ಟೋಣವೇ? ಅಕ್ಷರ ಮಾಸಿದ ಸಮಾಧಿ ಕಲ್ಲುಗಳನ್ನು ತೆಗೆದು ವಾಹನ ನಿಲ್ಲಿಸಲು ಜಾಗ ಮಾಡೋಣವೇ? ನಮ್ಮ ಧರ್ಮಕೇಂದ್ರಗಳ ಪಾಲನಾ ಮಂಡಳಿಯ ಸಭೆಗಳಲ್ಲಿ ಇಂತಹ ಪ್ರಶ್ನೆಗಳು ಆಗಾಗ ಎದ್ದೇಳುತ್ತವೆ. ಕೆಲವೇ ನಿಮಿಷಗಳಲ್ಲಿ ತೀರ್ಮಾನವೂ ಆಗಿಬಿಡುತ್ತದೆ. ಆದರೆ ಒಮ್ಮೆ ಕೆಡವಿದ್ದು ಮತ್ತೆ ಬಾರದು. ಆದುದರಿಂದ ಪುರಾತನ ಸ್ಮಾರಕಗಳನ್ನು ಕಾಯುವ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಈ ಲೇಖನದಲ್ಲಿ ತಿಳಿದುಕೊಳ್ಳೋಣ. ಅದಕ್ಕಾಗಿ ಮೊದಲು ಕರಾವಳಿಯಿಂದ ದೂರದ ಗದಗ ಜಿಲ್ಲೆಯ ಒಂದು ಊರಿಗೆ ಹೋಗಿ ಬರೋಣ.

ಗೋಡೆಯೊಳಗಿನ ಶಾಸನ

ನರಗುಂದ ತಾಲೂಕಿನ ಕೊಣ್ಣೂರು ಮಲಪ್ರಭಾ ನದಿಯ ದಡದಲ್ಲಿದೆ. ಇದರ ಹಳೆಯ ಹೆಸರು ಕೊಳನೂರು. ಇಲ್ಲಿನ ಪರಮೇಶ್ವರ ದೇವಾಲಯದ ಗೋಡೆಯಲ್ಲಿ ಸಿಕ್ಕಿದ ಒಂದು ಶಿಲಾಶಾಸನ ವಿದ್ವಾಂಸರ ನಡುವೆ ಪ್ರಸಿದ್ಧವಾಗಿದೆ. ರಾಷ್ಟ್ರಕೂಟ ದೊರೆ ಅಮೋಘವರ್ಷನು ಶಕ ವರ್ಷ 782ರಲ್ಲಿ, ಅಂದರೆ ಕ್ರಿ.ಶ. 860ರ ಚಂದ್ರಗ್ರಹಣದಂದು, ತನ್ನ ಅಧಿಕಾರಿ ಬಂಕೆಯನು ಕೊಳನೂರಿನಲ್ಲಿ ಕಟ್ಟಿಸಿದ ಜಿನಾಲಯಕ್ಕೆ ತಲೆಯೂರು ಎಂಬ ಗ್ರಾಮವನ್ನೂ ಬೇರೆ ಊರುಗಳಲ್ಲಿ ಭೂಮಿಯನ್ನೂ ದಾನವಾಗಿ ಕೊಟ್ಟನೆಂದು ಅದು ಹೇಳುತ್ತದೆ. ಬಂಕಾಪುರಕ್ಕೆ ಹೆಸರು ಬಂದದ್ದು ಈ ಬಂಕೆಯನಿಂದಲೇ.

ನಮಗೆ ಮುಖ್ಯವಾದ ಸಂಗತಿ ಬೇರೆ ಇದೆ. ಈ ಕಲ್ಲನ್ನು ಕೆತ್ತಿದ್ದು 860ರಲ್ಲಿ ಅಲ್ಲ. ಅಕ್ಷರಗಳ ರೂಪವನ್ನು ನೋಡಿದರೆ ಇದು ಸುಮಾರು 12ನೇ ಶತಮಾನದ್ದು. ಕೊಳನೂರಿನ ಮಹಾಪ್ರಭು ಹುಳಿಯಮರಸ ಮತ್ತಿತರರು ಕೇಳಿಕೊಂಡದ್ದರಿಂದ ವೀರನಂದಿ ಮುನಿಗಳು ಹಳೆಯ ತಾಮ್ರಶಾಸನವನ್ನು ಕಲ್ಲಿನ ಮೇಲೆ ಬರೆಸಿದರೆಂದು ಶಾಸನದ ಕೊನೆಯ ಭಾಗದಲ್ಲಿದೆ. ಅಂದರೆ ಸರಕಾರಿ ಇಲಾಖೆಯಾಗಲಿ ಆಯೋಗವಾಗಲಿ ಇಲ್ಲದ ಕಾಲದಲ್ಲಿ ಒಂದು ಊರಿನ ಮುಖಂಡರು ತಮ್ಮ ದಾಖಲೆ ನಶಿಸಿ ಹೋಗಬಾರದೆಂದು ಚಿಂತಿಸಿ ಕೆಲಸ ಮಾಡಿದ್ದರು. ಪ್ರತಿಯಲ್ಲಿನ ಕೆಲವು ವಿವರಗಳ ಬಗ್ಗೆ ಇತಿಹಾಸಕಾರರಿಗೆ ಸಂದೇಹಗಳಿವೆ. ಆದರೆ ಕಲ್ಲು ಉಳಿದದ್ದರಿಂದಲೇ ಆ ಪರೀಕ್ಷೆ ಸಾಧ್ಯವಾಯಿತು. ಜೈನರ ದಾನಪತ್ರ ಶಿವಾಲಯದ ಗೋಡೆಯಲ್ಲಿ ಉಳಿದು ಬಂತು ಎಂಬುದೂ ಗಮನಿಸಬೇಕಾದ ವಿಷಯ. ಒಬ್ಬರ ನೆನಪು ಇನ್ನೊಬ್ಬರ ಮನೆಯಲ್ಲಿ ಸುರಕ್ಷಿತವಾಗಿತ್ತು.

ಆ ಗೋಡೆಗೆ ಯಾರಾದರೂ ಸಿಮೆಂಟು ಮೆತ್ತಿದ್ದರೆ ಏನಾಗುತ್ತಿತ್ತು? 2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆ ಉಕ್ಕಿ ಕೊಣ್ಣೂರಿಗೆ ನೀರು ನುಗ್ಗಿದಾಗ ಜನರು ಪಟ್ಟ ಪಾಡನ್ನು ನಾಡೇ ನೋಡಿದೆ. ನೆರೆ, ಗೆದ್ದಲು, ಬೆಂಕಿ ಮತ್ತು ನಮ್ಮದೇ ಅಜಾಗರೂಕತೆ, ಇವು ನಾಲ್ಕೂ ಹಳೆಯ ವಸ್ತುಗಳ ಶತ್ರುಗಳು.

ಕಾನೂನು ಏನು ಹೇಳುತ್ತದೆ?

ನಮ್ಮ ದೇಶದಲ್ಲಿ ಸ್ಮಾರಕಗಳ ರಕ್ಷಣೆ ಎರಡು ಹಂತಗಳಲ್ಲಿ ನಡೆಯುತ್ತದೆ. ರಾಷ್ಟ್ರೀಯ ಮಹತ್ವದವುಗಳನ್ನು 1958ರ ಕೇಂದ್ರ ಕಾಯಿದೆಯಂತೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯು ನೋಡಿಕೊಳ್ಳುತ್ತದೆ. ಉಳಿದ ಕೆಲವನ್ನು 1961ರ ಕರ್ನಾಟಕ ಕಾಯಿದೆಯಂತೆ ರಾಜ್ಯದ ಪುರಾತತ್ವ ಇಲಾಖೆಯು ಸಂರಕ್ಷಿಸುತ್ತದೆ. ಕೇಂದ್ರ ಕಾಯಿದೆಯಂತೆ, ಕನಿಷ್ಠ 100 ವರ್ಷ ಹಳೆಯದಾದ ಕಟ್ಟಡವನ್ನು ಸ್ಮಾರಕವೆಂದು ಘೋಷಿಸುವ ಮೊದಲು ಸರಕಾರ ಎರಡು ತಿಂಗಳ ಸೂಚನೆ ಹೊರಡಿಸಬೇಕು. ಆ ಅವಧಿಯಲ್ಲಿ ಆಸಕ್ತರು ಆಕ್ಷೇಪ ಸಲ್ಲಿಸಬಹುದು.

ಘೋಷಣೆಯಾದ ಮಾತ್ರಕ್ಕೆ ಕಟ್ಟಡ ಸರಕಾರದ ಆಸ್ತಿಯಾಗುವುದಿಲ್ಲ. ಮಾಲೀಕರೊಂದಿಗೆ ಒಪ್ಪಂದ ಮಾಡಿಕೊಳ್ಳಲು ಕಾಯಿದೆಯಲ್ಲಿ ಅವಕಾಶವಿದೆ. ಆರಾಧನಾ ಸ್ಥಳವಾಗಿದ್ದರೆ ಅದರ ಸ್ವರೂಪಕ್ಕೆ ಹೊಂದದ ಉಪಯೋಗಕ್ಕೆ ಬಳಸಬಾರದೆಂಬ ರಕ್ಷಣೆಯೂ ಇದೆ. 2010ರ ತಿದ್ದುಪಡಿಯಂತೆ ಕೇಂದ್ರ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಸ್ಮಾರಕಕ್ಕೆ ಹಾನಿ ಮಾಡಿದವರಿಗೆ ಎರಡು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು.

ಊರಿನ ಮಟ್ಟದ ಆಯೋಗ

ಕೆಲವು ದೇಶಗಳಲ್ಲಿ ನಗರಕ್ಕೇ ಒಂದು ಸಂರಕ್ಷಣಾ ಆಯೋಗವಿರುತ್ತದೆ. ನ್ಯೂಯಾರ್ಕಿನಲ್ಲಿ ಪೆನ್ಸಿಲ್ವೇನಿಯಾ ರೈಲು ನಿಲ್ದಾಣವನ್ನು 1963ರಲ್ಲಿ ಕೆಡವಲು ತೊಡಗಿದಾಗ ಜನರು ನೊಂದುಕೊಂಡರು. 1965ರಲ್ಲಿ ಅಲ್ಲಿ ಆಯೋಗ ರಚನೆಯಾಯಿತು. ಅದರ 11 ಸದಸ್ಯರಲ್ಲಿ ವಾಸ್ತುಶಿಲ್ಪಿಗಳು, ಇತಿಹಾಸಕಾರರು ಮತ್ತು ನಗರದ ಐದೂ ಭಾಗಗಳ ನಿವಾಸಿಗಳು ಇರಬೇಕು. ಪಟ್ಟಿಯಲ್ಲಿರುವ ಕಟ್ಟಡವನ್ನು ಬದಲಾಯಿಸಲು ಆಯೋಗದ ಅನುಮತಿ ಬೇಕು.

ಇದರಿಂದ ಚರ್ಚುಗಳಿಗೂ ಕಷ್ಟ ಬಂದದ್ದುಂಟು. ಅಲ್ಲಿನ ಸಂತ ಬಾರ್ತಲೋಮಿಯೊ ಎಪಿಸ್ಕೋಪಲ್ ಚರ್ಚ್ ತನ್ನ ಸಮುದಾಯ ಭವನವನ್ನು ಕೆಡವಿ ಗೋಪುರ ಕಟ್ಟಡ ಕಟ್ಟಿ, ಅದರ ಆದಾಯವನ್ನು ಸೇವಾ ಕಾರ್ಯಗಳಿಗೆ ಬಳಸಬೇಕೆಂದಿತ್ತು. ಆಯೋಗ ಒಪ್ಪಲಿಲ್ಲ. 1990ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಆಯೋಗದ ಪರವಾಗಿಯೇ ತೀರ್ಪಿತ್ತಿತು. ಬಡವರ ಸೇವೆ ಮೇಲೋ ಹಳೆಯ ಕಟ್ಟಡ ಮೇಲೋ ಎಂಬ ಪ್ರಶ್ನೆ ಸುಲಭದ್ದಲ್ಲವೆಂದು ನಾವು ಒಪ್ಪಿಕೊಳ್ಳಲೇಬೇಕು. ಆದುದರಿಂದಲೇ ಅದನ್ನು ಒಬ್ಬರೇ ತೀರ್ಮಾನಿಸದೆ ಎಲ್ಲರ ಮಾತು ಕೇಳಿ ತೀರ್ಮಾನಿಸುವ ವೇದಿಕೆ ಬೇಕಾಗುತ್ತದೆ.

ನಮ್ಮಲ್ಲಿ ಇದಕ್ಕೆ ಹತ್ತಿರವಾದುದು ಕೊಣ್ಣೂರಿರುವ ಗದಗ ಜಿಲ್ಲೆಯಲ್ಲೇ ಇರುವ ಲಕ್ಕುಂಡಿ ಪಾರಂಪರಿಕ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ. 2024ರ ನವೆಂಬರ್ ತಿಂಗಳಲ್ಲಿ ಲಕ್ಕುಂಡಿಯಲ್ಲಿ ನಡೆದ ಅಭಿಯಾನದಲ್ಲಿ 1000ಕ್ಕೂ ಹೆಚ್ಚು ಪ್ರಾಚ್ಯಾವಶೇಷಗಳನ್ನು ಸಂಗ್ರಹಿಸಲಾಯಿತು. 2025ರಲ್ಲಿ ಉತ್ಖನನವೂ ಆರಂಭವಾಯಿತು. ಜನರು ಮುಂದೆ ಬಂದರೆ ಕಾನೂನಿನ ಕೆಲಸ ಹಗುರವಾಗುತ್ತದೆ.

ನಾವು ಮಾಡಬಹುದಾದುದು

ಒಳ್ಳೆಯ ಮನಸ್ಸಿನಿಂದ ಮಾಡಿದ ದುರಸ್ತಿಯೂ ಹಾನಿ ಮಾಡಬಲ್ಲದು. ಹಳೆಗೋವಾದ ಬೊಂ ಜೆಸು ಮಹಾದೇವಾಲಯದ ಹೊರಗಿನ ಸುಣ್ಣದ ಗಾರೆಯನ್ನು 1950ರ ದಶಕದಲ್ಲಿ ಕೆರೆದು ತೆಗೆಯಲಾಯಿತು. ಅಂದಿನಿಂದ ಅದರ ಮುರಕಲ್ಲು ಮಳೆಗೆ ಮೈಯೊಡ್ಡಿ ನಿಂತಿದೆ. ನಮ್ಮ ಕರಾವಳಿಯ ಅನೇಕ ಚರ್ಚುಗಳೂ ಮುರಕಲ್ಲಿನವೇ. ಇನ್ನೊಂದೆಡೆ, ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದಲ್ಲಿ ಅಂತೋನಿಯೊ ಮೊಸ್ಕೆನಿ ಅವರು ಬಿಡಿಸಿದ ಚಿತ್ರಗಳನ್ನು 1990ರ ದಶಕದಲ್ಲಿ ಇಂಟ್ಯಾಕ್ ಸಂಸ್ಥೆಯ ತಜ್ಞರು ಜತನದಿಂದ ಸರಿಪಡಿಸಿದ್ದಾರೆ. ತಜ್ಞರ ಕೈ ತಗಲಿದರೆ ಏನಾಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ಆದುದರಿಂದ ಧರ್ಮಗುರುಗಳಲ್ಲಿ, ಪಾಲನಾ ಮಂಡಳಿಯ ಸದಸ್ಯರಲ್ಲಿ ಮತ್ತು ವಾಳೆಯ ಗುರಿಕಾರರಲ್ಲಿ ನಮ್ಮ ವಿನಂತಿ ಇಷ್ಟೆ:

1. ಯಾವುದೇ ಕೆಲಸ ಆರಂಭಿಸುವ ಮೊದಲು ಕಟ್ಟಡದ ಎಲ್ಲ ಬದಿಗಳ ಫೋಟೋ ತೆಗೆದು ದಿನಾಂಕ ಬರೆದಿಡಿ.

2. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟು ಮೆತ್ತಬೇಡಿ. ತೇವ ಒಳಗೇ ಉಳಿದು ಕಲ್ಲು ಸವೆಯುತ್ತದೆ.

3. ಸಮಾಧಿ ಕಲ್ಲುಗಳ ಬರಹವನ್ನು ಈಗಲೇ ನಕಲು ಮಾಡಿಕೊಳ್ಳಿ. ಕಲ್ಲನ್ನು ಆಮ್ಲದಿಂದ ತೊಳೆಯಬೇಡಿ, ಅಕ್ಷರಗಳಿಗೆ ಬಣ್ಣ ತುಂಬಬೇಡಿ.

4. ಜ್ಞಾನಸ್ನಾನ, ಮದುವೆ ಮತ್ತು ಮರಣದ ಹಳೆಯ ಪುಸ್ತಕಗಳ ಪ್ರತಿಯನ್ನು ಬೇರೊಂದು ಕಡೆ ಇಡಿ.

5. ಕೆಡವುವ ಯೋಚನೆ ಇದ್ದರೆ ಮೊದಲು ಪುರಾತತ್ವ ಇಲಾಖೆಯನ್ನು ಅಥವಾ ಬಲ್ಲ ತಜ್ಞರನ್ನು ಕೇಳಿ.

ಕೊಳನೂರಿನ ಹಿರಿಯರು ತಾಮ್ರದ ತಗಡಿನ ಮಾತನ್ನು ಕಲ್ಲಿಗೆ ಇಳಿಸಿದ್ದರಿಂದ ಅದು ನಮ್ಮವರೆಗೆ ಬಂದು ಮುಟ್ಟಿತು. ನಮ್ಮ ಹಿರಿಯರು ಬೆವರು ಸುರಿಸಿ ಕಟ್ಟಿದ್ದನ್ನು ಮುಂದಿನವರಿಗೆ ಮುಟ್ಟಿಸುವ ಹೊಣೆ ಈಗ ನಮ್ಮದು. ಮುಂದಿನ ಪಾಲನಾ ಮಂಡಳಿ ಸಭೆಯಲ್ಲಿ ಈ ವಿಷಯಕ್ಕೂ ಹತ್ತು ನಿಮಿಷ ಕೊಡೋಣ.