ಅಂಚು ಅಡಗಿಸುವ ಹೊಲಿಗೆ

ಮನೆಯಲ್ಲೇ ಹೊಲಿದ ದಿಂಬಿನ ಗವಸನ್ನು ಹತ್ತಾರು ಸಲ ಒಗೆದ ಮೇಲೆ ಒಳಗೆ ಕೈಹಾಕಿದರೆ ಬೆರಳಿಗೆ ನೂಲಿನ ಸಿಕ್ಕು ತೊಡರುತ್ತದೆ. ಹೊರಗಿನ ಹೂಬಳ್ಳಿ ಇನ್ನೂ ಹೊಸದರಂತಿದ್ದರೂ ಒಳಗಿನ ಅಂಚು ಎಳೆ ಎಳೆಯಾಗಿ ಬಿಚ್ಚಿಕೊಂಡಿರುತ್ತದೆ. ಆ ಬಿಚ್ಚು ಹೊಲಿಗೆಯ ಸಾಲನ್ನು ಮುಟ್ಟಿದ ದಿನ ಗವಸು ಬಾಯಿ ಬಿಡುತ್ತದೆ.

ಇದರ ಮೂಲ ನೇಯ್ಗೆಯಲ್ಲಿದೆ. ಮಗ್ಗದ ಮೇಲೆ ಹೊಕ್ಕು ನೂಲು ಹಾಸಿನ ನಡುವೆ ಅತ್ತಿಂದಿತ್ತ ಓಡಾಡುತ್ತ, ಪ್ರತಿ ಸಲವೂ ಕೊನೆಯ ಎಳೆಯನ್ನು ಬಳಸಿ ಹಿಂದಿರುಗುತ್ತದೆ. ಹಾಗಾಗಿ ಸೀರೆಯ ಉದ್ದನೆಯ ಅಂಚು ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ಕತ್ತರಿ ಬಿದ್ದಲ್ಲಿ ಮಾತ್ರ ಈ ಹಿಡಿತ ತಪ್ಪುತ್ತದೆ. ಸೆರಗಿಗೆ ಕುಚ್ಚು ಕಟ್ಟಿದಾಗ, ತುದಿಗೆ ಪಿಕೊ ಹಾಕಿಸಿದಾಗ ಸಡಿಲವಾದ ಆ ಎಳೆಗಳಿಗೇ ಮತ್ತೆ ಕಟ್ಟು ಬೀಳುತ್ತದೆ.

ಅಮೆರಿಕದ ಜೋಸೆಫ್ ಮೆರೋ 1889ರಲ್ಲಿ ಓವರ್‌ಲಾಕ್ ಯಂತ್ರಕ್ಕೆ ಪೇಟೆಂಟ್ ಪಡೆದರು. ಅಂಚನ್ನು ನೂಲಿನಿಂದ ಸುತ್ತಿಬಿಡುವ ಆ ವಿಧಾನವೇ ಇಂದಿನ ಸಿದ್ಧ ಉಡುಪುಗಳಲ್ಲಿ ಹೆಚ್ಚಾಗಿ ಕಾಣುವುದು. ಮನೆಯಲ್ಲಿ ಆ ಯಂತ್ರ ಇರಬೇಕೆಂದಿಲ್ಲ. ಸಾಧಾರಣ ಹೊಲಿಗೆ ಯಂತ್ರದಲ್ಲೇ, ಸಾವಧಾನವಿದ್ದರೆ ಕೈಯಲ್ಲೇ, ಕತ್ತರಿಸಿದ ಅಂಚನ್ನು ಪೂರ್ತಿ ಮುಚ್ಚಿಡಬಹುದು.

ಅದಕ್ಕೆ ಎಲ್ಲಕ್ಕಿಂತ ಸುಲಭದ ದಾರಿ ಫ್ರೆಂಚ್ ಸೀಮ್. (ಫ್ರಾನ್ಸಿನವರು ಇದನ್ನೇ ‘ಇಂಗ್ಲಿಷ್ ಹೊಲಿಗೆ’ ಎನ್ನುತ್ತಾರೆ.) ಇದರಲ್ಲಿ ಒಂದೇ ಜಾಗಕ್ಕೆ ಎರಡು ಸಲ ಹೊಲಿಗೆ ಬೀಳುತ್ತದೆ. ಮಾರ್ಜಿನ್ 15 ಮಿ.ಮೀ. ಇದೆ ಎಂದುಕೊಳ್ಳೋಣ. ರೂಢಿಗೆ ವಿರುದ್ಧವಾಗಿ, ಎರಡು ತುಂಡುಗಳ ಉಲ್ಟಾ ಮಗ್ಗುಲುಗಳು ಒಂದಕ್ಕೊಂದು ತಾಗುವಂತೆ ಇಟ್ಟು ಅಂಚಿನಿಂದ 9 ಮಿ.ಮೀ. ಒಳಗೆ ಹೊಲಿಯಬೇಕು. ಆಮೇಲೆ ಮಾರ್ಜಿನ್ನನ್ನು 3 ಮಿ.ಮೀ.ಗೆ ಕತ್ತರಿಸಿ ಇಸ್ತ್ರಿ ಮಾಡಬೇಕು. ಈಗ ಬಟ್ಟೆಯನ್ನು ತಿರುಗಿಸಿ, ಸೀದಾ ಮಗ್ಗುಲುಗಳನ್ನು ಒಳಗೆ ಮಾಡಿ, ಮಡಿಕೆಯಿಂದ 6 ಮಿ.ಮೀ. ಬಿಟ್ಟು ಎರಡನೇ ಸಾಲು ಹಾಕಿದರೆ ಆಯಿತು. 3 ಮಿ.ಮೀ. ಅಂಚು 6 ಮಿ.ಮೀ. ಕೊಳವೆಯೊಳಗೆ ಮುಚ್ಚಿಹೋಗುತ್ತದೆ.

ಕತ್ತರಿಸುವ ಹಂತವನ್ನು ಬಿಡುವಂತಿಲ್ಲ. ಅಂಚು ಅಗಲವಾಗಿಯೇ ಉಳಿದರೆ ಎರಡನೇ ಹೊಲಿಗೆಯಾಚೆಗೂ ಚಾಚಿ, ಸೀದಾ ಕಡೆ ನೂಲಿನ ಮೀಸೆ ಮೂಡುತ್ತದೆ.

ವಾಯಿಲ್, ಮಲ್‌ಮಲ್, ಷಿಫಾನ್, ತೆಳು ರೇಷ್ಮೆಗೆ ಈ ಹೊಲಿಗೆ ಒಪ್ಪುತ್ತದೆ. ಪಾರದರ್ಶಕ ಬಟ್ಟೆಯಲ್ಲಿ ಸಣ್ಣ ಗೆರೆಯಷ್ಟೇ ಕಾಣುತ್ತದೆ. ದಪ್ಪ ಬಟ್ಟೆಯಲ್ಲಿ ಹಗ್ಗದಂತೆ ಉಬ್ಬುತ್ತದೆ, ಕಂಕುಳಿನಂಥ ತಿರುವುಗಳಲ್ಲಿ ಸುಕ್ಕು ಹಿಡಿಯುತ್ತದೆ.

ದಪ್ಪ ಬಟ್ಟೆಗೆ ಬೇರೆ ಉಪಾಯವಿದೆ, ಅದು ಹಲವರ ಜೀನ್ಸ್ ಪ್ಯಾಂಟಿನಲ್ಲೇ ಸಿಗುತ್ತದೆ. ಕಾಲಿನ ಹೊಲಿಗೆಯಲ್ಲಿ ಅಕ್ಕಪಕ್ಕ ಎರಡು ಸಾಲು ಕಂಡರೆ ಗಮನಿಸಿ: ಒಂದು ಕಡೆಯ ಮಾರ್ಜಿನ್ನನ್ನು ಗಿಡ್ಡ ಮಾಡಿ, ಉದ್ದನೆಯದನ್ನು ಅದರ ಮೇಲೆ ಮಡಚಿ, ಚಪ್ಪಟೆಯಾಗಿ ಒತ್ತಿ ಹೊಲಿದಿರುತ್ತಾರೆ. ಒಳಗೂ ಹೊರಗೂ ಕತ್ತರಿಸಿದ ಅಂಚು ಕಾಣುವುದಿಲ್ಲ. ಗಂಡಸರ ಒಳ್ಳೆಯ ಷರ್ಟಿನ ಪಕ್ಕೆಗಳಲ್ಲೂ ಇದೇ ಹೊಲಿಗೆ ಇರುತ್ತದೆ.

ತಿರುವುಗಳಿಗೆ ಕ್ರಾಸ್ ಪಟ್ಟಿಯೇ ಸರಿ. ಬಟ್ಟೆಯನ್ನು 45 ಡಿಗ್ರಿ ಓರೆಯಾಗಿ ಕತ್ತರಿಸಿದರೆ ಪಟ್ಟಿ ಎಳೆದಂತೆ ಹಿಗ್ಗುತ್ತದೆ. ಕುತ್ತಿಗೆಯ ದುಂಡಗಿನ ಅಂಚನ್ನು ಸುಕ್ಕಿಲ್ಲದೆ ಅಪ್ಪಿಕೊಳ್ಳುತ್ತದೆ. ಕೂಸಿನ ಕುಲಾವಿಗಂತೂ ಒಳಗೆ ಅಸ್ತರಿ ಕೊಟ್ಟು ಎಲ್ಲ ಅಂಚುಗಳನ್ನೂ ಎರಡು ಪದರಗಳ ನಡುವೆ ಸೇರಿಸುವುದು ಮೇಲು. ಎಳೆಯ ನೆತ್ತಿಗೆ ಒರಟು ಮಾರ್ಜಿನ್ ಉಜ್ಜಬಾರದು.

ಒಳಮಗ್ಗುಲಿನ ಬಗೆಗಿನ ಈ ಕಾಳಜಿ ಕರ್ನಾಟಕಕ್ಕೆ ಹೊಸದೇನಲ್ಲ. ಧಾರವಾಡದ ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ಗವಂತಿ, ಮುರ್ಗಿ ಹೊಲಿಗೆಗಳು ಹಿಂದೆಮುಂದೆ ಒಂದೇ ಥರ ಕಾಣುತ್ತವೆ. ಉತ್ತರ ಕನ್ನಡದ ಸಿದ್ದಿ ಮಹಿಳೆಯರು ಕೌದಿ ಹೊಲಿಯುವಾಗ ಹಳೆ ಬಟ್ಟೆಯ ಪ್ರತಿ ತುಂಡಿನ ಅಂಚನ್ನೂ ಒಳಗೆ ಮಡಚಿಯೇ ದಾರ ಓಡಿಸುತ್ತಾರೆ.

ಆದರೆ ಎಲ್ಲ ಕಡೆಯೂ ಅಂಚು ಅಡಗಿಸುವುದು ಜಾಣತನವಲ್ಲ. ರವಿಕೆಯ ಪಕ್ಕೆಯಲ್ಲಿ ಟೈಲರ್ ಅಗಲ ಮಾರ್ಜಿನ್ ಉಳಿಸುವುದು ಮುಂದೆ ಮೈ ತುಂಬಿಕೊಂಡಾಗ ಹೊಲಿಗೆ ಬಿಚ್ಚಿ ಸಡಿಲ ಮಾಡಲಿಕ್ಕೆ. ಅಲ್ಲಿ ಫ್ರೆಂಚ್ ಸೀಮ್ ಹಾಕಿದರೆ ಆ ಅವಕಾಶ ಕತ್ತರಿಗೆ ಬಲಿಯಾಗುತ್ತದೆ.

ಕಲಿಯುವವರಿಗೆ ದಿಂಬಿನ ಗವಸು, ಬಟ್ಟೆಯ ಕೈಚೀಲ ಒಳ್ಳೆಯ ಆರಂಭ. ಎಲ್ಲವೂ ನೇರ ಹೊಲಿಗೆ, ಅಳತೆ ತುಸು ಹೆಚ್ಚುಕಮ್ಮಿಯಾದರೂ ನಡೆಯುತ್ತದೆ. ಒಮ್ಮೆ ಮಾರ್ಜಿನ್ ಕತ್ತರಿಸಿದ ಮೇಲೆ ತಿದ್ದಲು ಬಟ್ಟೆ ಉಳಿಯುವುದಿಲ್ಲವಾದ್ದರಿಂದ, ಮೊದಲು ಹಳೆ ಪಂಚೆಯ ಎರಡು ತುಂಡುಗಳ ಮೇಲೆ 9, 3, 6ರ ಲೆಕ್ಕವನ್ನು ಕೈಗೆ ರೂಢಿಸಿಕೊಳ್ಳಬೇಕು.