ಬೆನ್ನು ತಿರುಗಿಸಿ ಮೆಟ್ಟಿಲಿಳಿದ ಮಹಾಶಯ

ಲಂಡನ್ ನಗರದ ಒಂದು ಅನುಕೂಲಸ್ಥರ ಮನೆ. ಇಸವಿ 1862. ಅರುವತ್ತೈದು ದಾಟಿದ ಗೃಹಸ್ಥನೊಬ್ಬನು ಮಹಡಿಯಿಂದ ಕೆಳಗಿಳಿಯಬೇಕಾಗಿದೆ. ಆತನು ಎಲ್ಲರಂತೆ ಮುಂದೆ ನೋಡಿಕೊಂಡು ಇಳಿಯುವುದಿಲ್ಲ. ಬೆನ್ನು ತಿರುಗಿಸಿ, ಏಣಿಯಿಂದ ಇಳಿಯುವವನಂತೆ, ಒಂದೊಂದೇ ಮೆಟ್ಟಿಲನ್ನು ಕಾಲಿನಿಂದ ತಡವಿ ನೋಡುತ್ತ ಹಿಮ್ಮುಖವಾಗಿ ಇಳಿಯುತ್ತಾನೆ. ನೇರವಾಗಿ ಇಳಿದರೆ ದೇಹದ ಭಾರವೆಲ್ಲ ಮಂಡಿಗಳ ಮೇಲೂ ಹರಡುಗಳ ಮೇಲೂ ಬಿದ್ದು ಕೀಲುಗಳು ನೋಯುತ್ತವೆ. ಇನ್ನು ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುವ ಮಾತೇ ಇಲ್ಲ.

ಈತನ ಹೆಸರು ವಿಲಿಯಂ ಬ್ಯಾಂಟಿಂಗ್. ಶವಸಂಸ್ಕಾರದ ಏರ್ಪಾಡುಗಳನ್ನು ನಡೆಸಿಕೊಡುವುದು ಆ ಮನೆತನದ ವೃತ್ತಿ. ಇಂಗ್ಲೆಂಡಿನ ರಾಜಮನೆತನದವರ ಅಂತ್ಯಯಾತ್ರೆಗಳನ್ನೂ, 1852ರಲ್ಲಿ ವೆಲಿಂಗ್ಟನ್ ಪ್ರಭುವಿನ ಮಹಾ ಮೆರವಣಿಗೆಯನ್ನೂ ಸಜ್ಜುಗೊಳಿಸಿದ ಕೀರ್ತಿ ಅದರದು. ಊರಿನ ದೊಡ್ಡವರ ಕಡೆಯ ಪಯಣವನ್ನು ಸರಾಗವಾಗಿ ಸಾಗಿಸಿಕೊಡುತ್ತಿದ್ದ ಮನೆಯವನಿಗೆ ಸ್ವಂತ ದೇಹವನ್ನು ಮಹಡಿಯಿಂದ ನಡುಮನೆಗೆ ಸಾಗಿಸುವುದೇ ಸಾಹಸವಾಗಿತ್ತೆಂಬುದು ವಿಧಿಯ ವಿನೋದವೆನ್ನಬೇಕು.

ಹೀಗೆ ನರಳುತ್ತಿದ್ದವನು ಒಂದು ವರ್ಷದಲ್ಲಿ 46 ಪೌಂಡು ಇಳಿಸಿದನು; ಇಳಿಸಿ ತೃಪ್ತನಾದನು. ತೂಕ ಇಳಿಸಿದವರು ಅಂದಿನಿಂದ ಇಂದಿನವರೆಗೆ ಲೆಕ್ಕವಿಲ್ಲದಷ್ಟು ಮಂದಿ ಇದ್ದಾರೆ. ಆದರೆ ಇಳಿದ ಮೇಲೆ ತೃಪ್ತಿಯಿಂದ ಇರುವವರು ಅಷ್ಟು ಮಂದಿ ಇಲ್ಲ. ಬ್ಯಾಂಟಿಂಗ್ ಮಹಾಶಯನ ಕಥೆ ಇಂದಿಗೂ ಓದತಕ್ಕದ್ದಾಗಿರುವುದು ಈ ಕಾರಣದಿಂದ.

ಮೂವತ್ತು ವರ್ಷದ ಪರದಾಟ

ಬ್ಯಾಂಟಿಂಗನ ತಂದೆತಾಯಿಗಳ ಕಡೆಯಲ್ಲಿ ಯಾರಿಗೂ ಬೊಜ್ಜಿನ ಬಾಧೆ ಇರಲಿಲ್ಲ. ಮೂವತ್ತು ದಾಟಿದ ಮೇಲೆ ಈತನ ಮೈ ತುಂಬಿಕೊಳ್ಳಲಾರಂಭಿಸಿತು. ವೈದ್ಯನೊಬ್ಬನು ವ್ಯಾಯಾಮ ಮಾಡೆಂದನು. ಬ್ಯಾಂಟಿಂಗನು ಬೆಳಗಿನ ಜಾವದಲ್ಲೆದ್ದು ನದಿಯಲ್ಲಿ ದೋಣಿಗೆ ಹುಟ್ಟು ಹಾಕಿದನು. ತೋಳುಗಳಿಗೆ ಬಲ ಬಂದಿತು. ಅದರೊಡನೆ ಅಸಾಧ್ಯವಾದ ಹಸಿವೂ ಬಂದಿತು. ಹಸಿವಿಗೆ ತಕ್ಕಂತೆ ಉಂಡನು, ಊಟಕ್ಕೆ ತಕ್ಕಂತೆ ಮೈ ಬೆಳೆಯಿತು. ವೈದ್ಯನು ವ್ಯಾಯಾಮವನ್ನು ನಿಲ್ಲಿಸೆಂದನು.

ಅನಂತರ ಕಡಲ ಗಾಳಿ, ಕುದುರೆ ಸವಾರಿ, ದೂರದ ಊರುಗಳ ಔಷಧಜಲ, ಸೀಸೆಗಟ್ಟಲೆ ಕಷಾಯ, ಟರ್ಕಿ ಪದ್ಧತಿಯ ಹಬೆಸ್ನಾನ ಎಲ್ಲವೂ ಆದವು. ಹಬೆಸ್ನಾನದಿಂದ ಇಳಿದದ್ದು 6 ಪೌಂಡು ಮಾತ್ರ. ಒಮ್ಮೆ ಊಟವನ್ನೇ ತೀರ ತಗ್ಗಿಸಿ ನೋಡಿದನು. ದೇಹ ಬಳಲಿತು, ಮೈಮೇಲೆ ಹುಣ್ಣುಗಳೆದ್ದವು. ಬೊಜ್ಜು ಮಾತ್ರ ತನ್ನ ಸ್ಥಾನವನ್ನು ಬಿಟ್ಟುಕೊಡಲಿಲ್ಲ.

ದೇಹದ ಕಷ್ಟಕ್ಕಿಂತ ಹೆಚ್ಚಿನದು ಮಾನದ ಕಷ್ಟ. ಸಾರ್ವಜನಿಕ ವಾಹನದಲ್ಲಿ ಈತನು ಕಾಲಿಟ್ಟರೆ ಪಕ್ಕದವರ ಮುಖ ಹುಳ್ಳಗಾಗುತ್ತಿತ್ತು. ಬೀದಿಯಲ್ಲಿ ಪುಂಡರು ಗೇಲಿಮಾಡುತ್ತಿದ್ದರು. ಕಡೆಕಡೆಗೆ ಜನ ಸೇರುವ ಸ್ಥಳಗಳಿಗೆ ಹೋಗುವುದನ್ನೇ ಆತನು ಕಡಿಮೆ ಮಾಡಿದನು. ಸ್ಥೂಲಕಾಯರನ್ನು ಕಂಡು ನಗುವವರಿಗೆ ಅದೊಂದು ಕ್ಷಣದ ವಿನೋದ. ನಗಿಸಿಕೊಂಡವರಿಗೆ ಅದು ಬಾಗಿಲಿಗೆ ಹಾಕಿದ ಚಿಲಕ.

ಕಿವಿಯ ವೈದ್ಯನ ಪಥ್ಯ

ಪರಿಹಾರ ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ. 1862ರ ಆಗಸ್ಟಿನಲ್ಲಿ ಬ್ಯಾಂಟಿಂಗನಿಗೆ ಕಿವಿ ಮಂದವಾಯಿತು. ಆತನು ವಿಲಿಯಂ ಹಾರ್ವೆ ಎಂಬ ಕಿವಿಯ ವೈದ್ಯನಲ್ಲಿಗೆ ಹೋದನು. ರಕ್ತಪರಿಚಲನೆಯನ್ನು ಕಂಡುಹಿಡಿದ ಹಾರ್ವೆ ಈತನಲ್ಲ. ಆತನು ಎರಡು ಶತಮಾನ ಹಿಂದಿನವನು. ಈ ಹಾರ್ವೆಯು ಪ್ಯಾರಿಸಿನಲ್ಲಿ ಕ್ಲೋದ್ ಬರ್ನಾರ್ ಎಂಬ ಮಹಾವಿಜ್ಞಾನಿ ಮಧುಮೇಹದ ಬಗೆಗೆ, ಯಕೃತ್ತಿನಲ್ಲಿ ಸಕ್ಕರೆ ಉತ್ಪತ್ತಿಯಾಗುವ ಬಗೆಗೆ ಮಂಡಿಸಿದ ವಿಚಾರಗಳನ್ನು ಕೇಳಿಬಂದಿದ್ದನು. ಮಧುಮೇಹಿಗಳಿಗೆ ಹಿಟ್ಟು ಸಕ್ಕರೆಗಳನ್ನು ಬಿಡಿಸುವಂತೆ ಬೊಜ್ಜಿನವರಿಗೂ ಬಿಡಿಸಿ ನೋಡಬಾರದೇಕೆ ಎಂಬ ಯೋಚನೆ ಆತನ ತಲೆಯಲ್ಲಿತ್ತು. ಬ್ಯಾಂಟಿಂಗನನ್ನು ಪರೀಕ್ಷಿಸಿ, ಕಿವಿಯ ದೋಷಕ್ಕೆ ಬೊಜ್ಜೇ ಮೂಲವೆಂದು ತೀರ್ಮಾನಿಸಿದನು.

ರೊಟ್ಟಿ, ಬೆಣ್ಣೆ, ಹಾಲು, ಸಕ್ಕರೆ, ಬೀರು, ಆಲೂಗೆಡ್ಡೆ ಇವಿಷ್ಟನ್ನೂ ಬಿಡತಕ್ಕದ್ದೆಂದು ಕಟ್ಟಳೆಯಾಯಿತು. ಇವುಗಳಿಗೆ ಬದಲಾಗಿ ಮಾಂಸ, ಮೀನು, ತರಕಾರಿ, ಸ್ವಲ್ಪ ಹಣ್ಣು, ಒಣಗಿಸಿದ ರೊಟ್ಟಿಯ ಒಂದು ತುಂಡು ಮತ್ತು ಆ ಕಾಲದ ಆಂಗ್ಲರ ರೂಢಿಯಂತೆ ಕೆಲವು ಲೋಟ ದ್ರಾಕ್ಷಾರಸದ ಮದ್ಯ. ಈ ಪಥ್ಯವನ್ನು ಇಂದಿನ ವೈದ್ಯರು ಹಾಗೆಯೇ ಒಪ್ಪುವರೆಂದು ಯಾರೂ ತಿಳಿಯಬೇಕಾಗಿಲ್ಲ. ಅದರಲ್ಲಿನ ಮದ್ಯದ ಪ್ರಮಾಣವಂತೂ ಒಪ್ಪತಕ್ಕದ್ದಲ್ಲ. ಆದರೆ ಹಿಟ್ಟು, ಸಕ್ಕರೆ, ಬೀರುಗಳು ಹೋದ ಮೇಲೆ ದಿನದ ಒಟ್ಟು ಆಹಾರಶಕ್ತಿ ತಗ್ಗಿತು. ಮಾಂಸ ಮೀನುಗಳಿಂದ ಹೊಟ್ಟೆ ಹಸಿದು ಕಂಗೆಡಲಿಲ್ಲ. ಆದುದರಿಂದ ಅದು ನಿಂತಿತು.

1862ರ ಆಗಸ್ಟ್ 26ರಂದು 5 ಅಡಿ 5 ಅಂಗುಲ ಎತ್ತರದ ಬ್ಯಾಂಟಿಂಗನು 202 ಪೌಂಡು, ಎಂದರೆ ಸುಮಾರು 92 ಕಿಲೋಗ್ರಾಂ ತೂಗುತ್ತಿದ್ದನು. 1863ರ ಸೆಪ್ಟೆಂಬರಿನ ಹೊತ್ತಿಗೆ 156 ಪೌಂಡಿಗೆ, ಸುಮಾರು 71 ಕಿಲೋಗ್ರಾಮಿಗೆ ಇಳಿದಿದ್ದನು. ಸೊಂಟದ ಸುತ್ತಳತೆ ಸುಮಾರು 12 ಅಂಗುಲ ಕುಗ್ಗಿತು. ಲೆಕ್ಕ ಹಾಕಿದರೆ ವಾರಕ್ಕೆ ಒಂದು ಪೌಂಡಿಗೂ ಕಡಿಮೆ. ಅವಸರವಿಲ್ಲದ ಇಳಿತ ಅದು.

ಆತನು ಎಣಿಸಿದ್ದು ಯಾವುದನ್ನು?

1863ರ ಮೇ ತಿಂಗಳಲ್ಲಿ ಬ್ಯಾಂಟಿಂಗನು ತನ್ನ ಅನುಭವವನ್ನು ಬೊಜ್ಜಿನ ವಿಷಯವಾಗಿ ಸಾರ್ವಜನಿಕರಿಗೆ ಬರೆದ ಪತ್ರವೆಂಬ ರೂಪದಲ್ಲಿ ಒಂದು ಸಣ್ಣ ಪುಸ್ತಿಕೆಯಾಗಿ ಅಚ್ಚುಹಾಕಿಸಿದನು. ಮೊದಲನೆಯ ಆವೃತ್ತಿಯನ್ನು ಸ್ವಂತ ಖರ್ಚಿನಲ್ಲಿ ಮುದ್ರಿಸಿ ಉಚಿತವಾಗಿ ಹಂಚಿದನು. ಬೇಡಿಕೆ ಹೆಚ್ಚಿದಾಗ ಬೆಲೆಯಿಟ್ಟನು. ಉಳಿದ ಹಣವನ್ನು ಧರ್ಮಕಾರ್ಯಗಳಿಗೆ ಕೊಟ್ಟನು.

ಆ ಪುಸ್ತಿಕೆಯಲ್ಲಿ ತೂಕದ ಅಂಕಿಗಳಿವೆ, ನಿಜ. ಆದರೆ ಆತನ ಸಂತೋಷ ಮನೆಮಾಡಿರುವುದು ಅಂಕಿಗಳಲ್ಲಲ್ಲ. ಈಗ ಮೆಟ್ಟಿಲನ್ನು ಎಲ್ಲರಂತೆ ಮುಂದೆ ನೋಡಿಕೊಂಡು ಇಳಿಯಬಲ್ಲೆನೆಂಬುದು ಆತನಿಗೆ ದೊಡ್ಡ ಸಂಗತಿ. ತನ್ನ ಕೆಲಸಗಳನ್ನು ತಾನೇ ಮಾಡಿಕೊಳ್ಳಬಲ್ಲೆನೆಂಬುದು ಇನ್ನೊಂದು. ಮಂಡಿಗೆ ಸುತ್ತುತ್ತಿದ್ದ ಪಟ್ಟಿಗಳು ಬೇಕಾಗಲಿಲ್ಲ. ಕಿವಿ ಮತ್ತೆ ಚೆನ್ನಾಗಿ ಕೇಳತೊಡಗಿತು. ಉಸಿರು ಸಲೀಸಾಯಿತು. ಮುಖದ ಕಳೆಯನ್ನಾಗಲಿ, ತನ್ನ ಚೆಲುವನ್ನಾಗಲಿ ಆತನು ಹೊಗಳಿಕೊಳ್ಳುವುದಿಲ್ಲ. ದೇಹವು ಹೇಗೆ ಕಾಣುತ್ತದೆಂಬುದಕ್ಕಿಂತ ದೇಹವು ಏನನ್ನು ಮಾಡಬಲ್ಲದೆಂಬುದೇ ಆತನ ತೃಪ್ತಿಯ ಅಡಿಗಲ್ಲು.

ಇದರಲ್ಲೊಂದು ಸೋಜಿಗವೂ ಇದೆ. ಎತ್ತರಕ್ಕೂ ತೂಕಕ್ಕೂ ಇರುವ ಪ್ರಮಾಣವನ್ನು ಅಳೆಯಲು ಇಂದು ದೇಹರಾಶಿ ಸೂಚ್ಯಂಕವೆಂಬ ಲೆಕ್ಕ ಬಳಕೆಯಲ್ಲಿದೆ. ಬ್ಯಾಂಟಿಂಗನ ಸೂಚ್ಯಂಕ ಮೊದಲು 33ಕ್ಕೆ ಮೇಲ್ಪಟ್ಟಿತ್ತು. ಇಳಿದ ಮೇಲೆ ಅದು ಹತ್ತಿರಹತ್ತಿರ 26. ಆರೋಗ್ಯದ ಮಿತಿಯೆಂದು ಪಾಶ್ಚಾತ್ಯರಲ್ಲಿ ಇಂದು ಎಣಿಸುವ ಗೆರೆ 25. ಎಂದರೆ ತನ್ನ ಗೆಲುವನ್ನು ಲೋಕಕ್ಕೆಲ್ಲ ಸಾರಿದ ಈ ಮಹಾಶಯನು ಇಂದಿನ ಕೋಷ್ಟಕದ ಪ್ರಕಾರ ಇನ್ನೂ ತುಸು ಭಾರದವನೇ! ಆ ಕೋಷ್ಟಕವನ್ನು ಗೋಡೆಗೆ ತೂಗುಹಾಕಿಕೊಂಡಿದ್ದರೆ ಆತನು ಅತೃಪ್ತನಾಗಿಯೇ ಉಳಿಯುತ್ತಿದ್ದನೋ ಏನೋ. ಆತನಾದರೋ ಮೆಟ್ಟಿಲನ್ನು ಕೇಳಿದನು, ಮೆಟ್ಟಿಲು ಸಾಕೆಂದಿತು.

ವೈದ್ಯರಲ್ಲನೇಕರು ಪುಸ್ತಿಕೆಯನ್ನು ಹೀಗಳೆದರು. ಶವಪೆಟ್ಟಿಗೆಯವನಿಗೆ ವೈದ್ಯಕೀಯದ ಗೊಡವೆಯೇಕೆಂದು ಹಾಸ್ಯ ಮಾಡಿದವರೂ ಇದ್ದರು. ಜನರು ಮಾತ್ರ ಪುಸ್ತಿಕೆಯನ್ನು ಕೊಂಡರು. ಬ್ಯಾಂಟಿಂಗನ ಹೆಸರೇ ಪಥ್ಯ ಮಾಡುವುದೆಂಬ ಅರ್ಥದ ಕ್ರಿಯಾಪದವಾಯಿತು; ಸ್ವೀಡನ್ ದೇಶದ ಭಾಷೆಯಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. 1869ರಲ್ಲಿ ಪುಸ್ತಿಕೆಯ ನಾಲ್ಕನೆಯ ಆವೃತ್ತಿ ಬಂದಿತು. 1878ರಲ್ಲಿ, ಎಂಬತ್ತೊಂದರ ವಯಸ್ಸಿನಲ್ಲಿ, ಬ್ಯಾಂಟಿಂಗನು ಕಾಲವಾದನು.

ಕನ್ನಡಿಗೆ ತಡವಾಗಿ ತಿಳಿಯುವ ಸುದ್ದಿ

ಎಲ್ಲರ ತೃಪ್ತಿಯೂ ಇಷ್ಟು ಸುಲಭವಾಗಿ ಬರುವುದಿಲ್ಲ. ಒಂದು ಶತಮಾನ ಕಳೆದ ಮೇಲೆ, 1961ರಲ್ಲಿ, ನ್ಯೂಯಾರ್ಕಿನ ಜೀನ್ ನೈಡೆಚ್ ಎಂಬ ಗೃಹಿಣಿ 214 ಪೌಂಡು ತೂಗುತ್ತಿದ್ದಳು. ಅಂಗಡಿಯಲ್ಲಿ ಸಿಕ್ಕಿದ ಪರಿಚಿತಳೊಬ್ಬಳು ಆಕೆಯನ್ನು ನೋಡಿ ಹೆರಿಗೆ ಯಾವಾಗ ಎಂದು ಕೇಳಿದಳು. ಜೀನ್ ಗರ್ಭಿಣಿಯಾಗಿರಲಿಲ್ಲ. ಆ ಪ್ರಶ್ನೆ ನಾಟಿತು. ಆಕೆ ನಗರದ ಆರೋಗ್ಯ ಇಲಾಖೆಯ ಚಿಕಿತ್ಸಾಲಯಕ್ಕೆ ಹೋದಳು. ಅಲ್ಲಿ ಕೊಟ್ಟ ಪಥ್ಯ ಸರಿಯಾಗಿಯೇ ಇತ್ತು. ಆದರೆ ಮನೆಯಲ್ಲಿ ಬಚ್ಚಿಟ್ಟುಕೊಂಡು ಬಿಸ್ಕತ್ತು ತಿನ್ನುವ ಚಪಲವನ್ನು ಯಾರಲ್ಲಿ ಹೇಳಿಕೊಳ್ಳುವುದು? ಆರು ಮಂದಿ ಗೆಳತಿಯರನ್ನು ಮನೆಗೆ ಕರೆದು ಹೇಳಿಕೊಂಡಳು. ಅವರೂ ತಮ್ಮ ತಮ್ಮ ಗುಟ್ಟುಗಳನ್ನು ಬಿಚ್ಚಿದರು. ಆ ಕೂಟವೇ ಬೆಳೆದು 1963ರಲ್ಲಿ ವೇಟ್ ವಾಚರ್ಸ್ ಎಂಬ ಸಂಸ್ಥೆಯಾಯಿತು.

1962ರ ಅಕ್ಟೋಬರಿನಲ್ಲಿ ಜೀನ್ ತನ್ನ ಗುರಿಯಾದ 142 ಪೌಂಡನ್ನು ಮುಟ್ಟಿದಳು. 2015ರಲ್ಲಿ, ತೊಂಬತ್ತೊಂದರ ವಯಸ್ಸಿನಲ್ಲಿ ತೀರಿಕೊಳ್ಳುವ ತನಕ ಹಿಂದಿನ ಗಾತ್ರಕ್ಕೆ ಮರಳಲಿಲ್ಲ. ಆದರೂ ಲೋಕಪ್ರಸಿದ್ಧಳಾದ ಮೇಲೂ ಆಕೆ ತನ್ನನ್ನು ಹಿಂದೊಮ್ಮೆ ದಪ್ಪಗಿದ್ದ ಗೃಹಿಣಿಯೆಂದೇ ಕರೆದುಕೊಳ್ಳುತ್ತಿದ್ದಳು. ಅದು ವಿನೋದದ ಮಾತಾದರೂ ಅದರಲ್ಲೊಂದು ಸತ್ಯ ಅಡಗಿದೆ. ಹಳೆಯ ದೇಹ ಹೋದರೂ ಅದರ ನೆರಳು ಬೇಗನೆ ಹೋಗುವುದಿಲ್ಲ.

ಮನಶ್ಶಾಸ್ತ್ರಜ್ಞರು ಇದನ್ನು ಚೆನ್ನಾಗಿ ಬಲ್ಲರು. ತೂಕ ಇಳಿಸಿದ ಕೆಲವರು ಇಕ್ಕಟ್ಟಾದ ಕುರ್ಚಿಯನ್ನು ಕಂಡರೆ ಇಂದಿಗೂ ಹಿಂಜರಿಯುತ್ತಾರೆ; ಬಟ್ಟೆಯಂಗಡಿಯಲ್ಲಿ ಹಳೆಯ ಅಳತೆಯ ಕಡೆಗೇ ಕೈಚಾಚುತ್ತಾರೆ. ಮನಸ್ಸಿನೊಳಗಣ ಕನ್ನಡಿಗೆ ಸುದ್ದಿ ತಡವಾಗಿ ಮುಟ್ಟುತ್ತದೆ. ಇನ್ನು ಗೋಡೆಯ ಮೇಲಣ ಕನ್ನಡಿಯೂ ಹಲವೊಮ್ಮೆ ನಿಷ್ಠುರ. ಬಹುಕಾಲ ಹಿಗ್ಗಿದ್ದ ಚರ್ಮವು ಕೊಬ್ಬು ಕರಗಿದೊಡನೆ ಪೂರ್ತಿಯಾಗಿ ಕುಗ್ಗುವುದಿಲ್ಲ. ಹೊಟ್ಟೆ, ತೋಳುಗಳಲ್ಲಿ ಜೋಲುತ್ತದೆ. ವಯಸ್ಸಾದಷ್ಟೂ ಹೆಚ್ಚು. ಇಪ್ಪತ್ತರ ಹರೆಯದ ಮೈಯನ್ನು ನಿರೀಕ್ಷಿಸಿದ್ದವರಿಗೆ ಅದು ನಿರಾಸೆ. ಆಗ ಇನ್ನೂ ಐದು ಕಿಲೋ ಇಳಿದರೆ ಸರಿಹೋದೀತೆಂಬ ಆಸೆ ಹುಟ್ಟುತ್ತದೆ. ಗುರಿಯ ಕಂಬವು ಕಾಲು ಬಂದಂತೆ ಮುಂದೆ ಮುಂದೆ ನಡೆಯುತ್ತದೆ.

ದೇಹವೂ ಸುಮ್ಮನೆ ಒಪ್ಪಿಕೊಳ್ಳುವುದಿಲ್ಲ. ಕೊಬ್ಬಿನ ಕಣಗಳು ಲೆಪ್ಟಿನ್ ಎಂಬ ರಸದ ಮೂಲಕ ತಮ್ಮ ಸಂಗ್ರಹದ ಸುದ್ದಿಯನ್ನು ಮಿದುಳಿಗೆ ಕಳುಹಿಸುತ್ತವೆ. ಇದನ್ನು ಕಂಡುಹಿಡಿದದ್ದು 1994ರಲ್ಲಿ. ಕೊಬ್ಬು ಕರಗಿದಾಗ ಈ ರಸ ತಗ್ಗುತ್ತದೆ, ಮಿದುಳು ಬರಗಾಲ ಬಂದಿತೆಂದು ಬಗೆಯುತ್ತದೆ. ಹಸಿವು ಏರುತ್ತದೆ, ಶಕ್ತಿಯ ಖರ್ಚು ಕುಗ್ಗುತ್ತದೆ. ಇಳಿದು ಒಂದು ವರ್ಷವಾದ ಮೇಲೂ ಹಸಿವಿನ ರಸಗಳು ಹಳೆಯ ಸ್ಥಿತಿಗೆ ಬಂದಿರುವುದಿಲ್ಲವೆಂದು 2011ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ವೈದ್ಯರ ಅಧ್ಯಯನ ತೋರಿಸಿದೆ. ಆದುದರಿಂದ ಗುರಿ ಮುಟ್ಟಿದವರಿಗೆ ಮತ್ತೆ ಹಸಿವಾದರೆ, ಒಂದೆರಡು ಕಿಲೋ ಮರಳಿದರೆ, ಅದು ಶೀಲದ ದೌರ್ಬಲ್ಯವಲ್ಲ. ಹಿಂದೆ ಕ್ಷಾಮಡಾಮರಗಳಲ್ಲಿ ಪ್ರಾಣ ಉಳಿಸಿದ ಏರ್ಪಾಡೇ ಇಂದು ಅಡ್ಡ ನಿಲ್ಲುತ್ತಿದೆ, ಅಷ್ಟೆ.

ನಮ್ಮ ಮನೆಗಳಲ್ಲಿ

ನಮ್ಮವರ ವಿಷಯದಲ್ಲಿ ಒಂದು ಮಾತನ್ನು ಸೇರಿಸಬೇಕು. ಭಾರತೀಯರಿಗೆ ಹೊಟ್ಟೆಯ ಸುತ್ತ ಕೊಬ್ಬು ಬೇಗ ಸೇರುವುದರಿಂದ ವೈದ್ಯರು ಮಿತಿಯನ್ನು ಇನ್ನೂ ಕೆಳಗಿಟ್ಟಿದ್ದಾರೆ. ಸೂಚ್ಯಂಕ 23 ದಾಟಿದರೆ ಎಚ್ಚರ, 25 ದಾಟಿದರೆ ಬೊಜ್ಜು. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರು, ಹೆಂಗಸರಿಗೆ 80 ಮೀರಬಾರದು. ಈ ಅಂಕಿಗಳು ಉಪಯುಕ್ತ. ಮಧುಮೇಹ, ಹೃದ್ರೋಗಗಳ ಸುಳಿವನ್ನು ಕೊಡುತ್ತವೆ. ಆದರೆ ಎಷ್ಟಕ್ಕೆ ನಿಲ್ಲಬೇಕೆಂಬುದನ್ನು ವೈದ್ಯರೊಡನೆ ಕುಳಿತು ನಿಶ್ಚಯಿಸಬೇಕೇ ಹೊರತು ಮದುವೆಮನೆಯ ಮಾತುಗಳನ್ನು ಕೇಳಿಯಲ್ಲ. ದಪ್ಪಗಿದ್ದಾಗ ಇಷ್ಟೇಕೆ ಊದಿಕೊಂಡೆ ಎಂದ ಅತ್ತೆಯೇ, ಇಳಿದು ಬಂದಾಗ ಅಯ್ಯೋ ಸೊರಗಿಹೋದೆಯಲ್ಲ, ಮೈಗೆ ಹುಷಾರಿಲ್ಲವೇನೆ ಎನ್ನುತ್ತಾಳೆ. ಪ್ರೀತಿಯ ಮಾತೇ ಅದು, ಆದರೆ ತಕ್ಕಡಿಯಾಗಲಾರದು.

ಗುರಿಯನ್ನು ಮುಟ್ಟಿದವರು ಒಂದು ಪಟ್ಟಿ ಮಾಡಿಕೊಳ್ಳುವುದು ಒಳ್ಳೆಯದು. ಮೊದಲು ಆಗದಿದ್ದದ್ದು ಈಗ ಏನೇನು ಆಗುತ್ತಿದೆ? ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಊಟಕ್ಕೆ ಕೂಡಲು ಆಗುತ್ತಿದೆಯೆ? ಎರಡು ಮಹಡಿ ಏರಿದ ಮೇಲೆ ನಿಲ್ಲದೆ ಮಾತಾಡಲು ಆಗುತ್ತಿದೆಯೆ? ಮೊಮ್ಮಗುವನ್ನು ಎತ್ತಿಕೊಂಡು ಬೀದಿಯ ತುದಿಯವರೆಗೆ ನಡೆಯಲು? ರಾತ್ರಿ ಒಂದೇ ನಿದ್ದೆ ಮಾಡಲು? ಕನ್ನಡಿ ಮುನಿದ ದಿನ ಈ ಪಟ್ಟಿಯನ್ನು ಓದಿಕೊಳ್ಳಬಹುದು. ಜೋತ ಚರ್ಮವು ಪಟ್ಟಿಯಲ್ಲಿನ ಒಂದು ಸಾಲನ್ನೂ ಅಳಿಸುವುದಿಲ್ಲ. ದಾರಿಯಲ್ಲಿ ನಡೆದ ಶ್ರಮಕ್ಕೆ ಅದೂ ಒಂದು ಗುರುತೆಂದು ತಿಳಿದರೆ ಅದರೊಡನೆ ರಾಜಿಯಾಗುವುದು ಕಷ್ಟವಲ್ಲ.

ಬ್ಯಾಂಟಿಂಗ್ ಮಹಾಶಯನಿಗೆ ಅರುವತ್ತಾರನೆಯ ವಯಸ್ಸಿನಲ್ಲಿ ತರುಣನ ಮೈ ಸಿಕ್ಕಲಿಲ್ಲ. ಆತನು ಅದನ್ನು ಬಯಸಲೂ ಇಲ್ಲ. ಮನೆಯ ಮೆಟ್ಟಿಲ ಮೇಲೆ ನಿಂತು, ಮುಂದಕ್ಕೆ ಮುಖಮಾಡಿ, ಎಲ್ಲರಂತೆ ಕೆಳಗಿಳಿದನು. ಆತನಿಗೆ ಬೇಕಾಗಿದ್ದದ್ದು ಅದೇ ಆಗಿತ್ತು.